ನೈವೇಲಿ: ನೀರಿನ ನೆತ್ತಿಯ ಮೇಲೊಂದು ಗಣಿ

1930ರ ದಶಕದಲ್ಲಿ ತಮಿಳುನಾಡಿನ ಈಗಿನ ಕಡಲೂರು ಜಿಲ್ಲೆಯ ನೈವೇಲಿಯಲ್ಲಿ ಜಂಬುಲಿಂಗಂ ಮೊದಲಿಯಾರ್ ಎಂಬ ಜಮೀನುದಾರರು ತಮ್ಮ ಹೊಲದಲ್ಲಿ ಬಾವಿ ಕೊರೆಸಿದರು. ನೀರು ಉಕ್ಕಿ ಬಂತು. ಅದರ ಜೊತೆಗೆ ಕಪ್ಪು-ಕಂದು ಬಣ್ಣದ ಪುಡಿಯೂ ಬಂತು. ಅವರು ಅದನ್ನು ಕೆಸರೆಂದು ಬಿಟ್ಟುಬಿಡದೆ ಸರ್ಕಾರದ ಗಮನಕ್ಕೆ ತಂದರು. ಪರೀಕ್ಷೆಯಲ್ಲಿ ಅದು ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು ಎಂದು ಗೊತ್ತಾಯಿತು. ನೀರು ಹುಡುಕಿದವರಿಗೆ ಇದ್ದಲು ಸಿಕ್ಕಿತು. ಮುಂದೆ ಇದ್ದಲಿಗೆಂದು ಬಂದ ಎಂಜಿನಿಯರುಗಳಿಗೆ ನೀರೇ ಗಂಟುಬಿತ್ತು.

ಲಿಗ್ನೈಟ್ ಅಂದರೆ ಇನ್ನೂ ಪೂರ್ತಿ ಮಾಗದ ಕಲ್ಲಿದ್ದಲು. ಜಾರ್ಖಂಡ್, ಛತ್ತೀಸಗಢದ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಳೆಯದು. ನೈವೇಲಿಯದು ಅದಕ್ಕಿಂತ ಎಷ್ಟೋ ಈಚಿನದು, ಸಾಕಷ್ಟು ಒತ್ತಡ-ಶಾಖ ಕಾಣದೇ ಉಳಿದದ್ದು. ಅದರ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬರೀ ತೇವಾಂಶ. ಬೂದಿ ಕಡಿಮೆ ಎಂಬುದು ಅದರ ಒಂದು ಒಳ್ಳೆಯ ಗುಣ, ಶಾಖವೂ ಕಡಿಮೆಯೇ. ಅರ್ಧ ನೀರಿರುವ ಸರಕನ್ನು ರೈಲಿಗೆ ತುಂಬಿ ದೂರ ಸಾಗಿಸುವುದು ನಷ್ಟದ ಬಾಬತ್ತು. ಮೇಲಾಗಿ, ರಾಶಿ ಹಾಕಿಟ್ಟರೆ ಗಾಳಿಯ ಆಮ್ಲಜನಕ ತಾಗಿ ಒಳಗೊಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವ ಚಾಳಿ ಅದಕ್ಕಿದೆ. ಆದ್ದರಿಂದ ಗಣಿಯ ಬಾಯಲ್ಲೇ ವಿದ್ಯುತ್ ಸ್ಥಾವರ ಕಟ್ಟಿ, ಅಲ್ಲೇ ಉರಿಸಿ, ತಂತಿಯ ಮೂಲಕ ಕರೆಂಟು ಕಳಿಸುತ್ತಾರೆ. ಆ ಕರೆಂಟಿನಲ್ಲಿ ಕರ್ನಾಟಕಕ್ಕೂ ಪಾಲಿದೆ.

ನೈವೇಲಿ ಲಿಗ್ನೈಟ್ ನಿಗಮ ಹುಟ್ಟಿದ್ದು 1956ರಲ್ಲಿ. ಮರುವರ್ಷದ ಮೇ 20ರಂದು ಪ್ರಧಾನಿ ನೆಹರೂ ಗಣಿಗೆ ಚಾಲನೆ ಕೊಟ್ಟರು. ಲಿಗ್ನೈಟಿನ ಮುಖ ಕಂಡದ್ದು ಮಾತ್ರ 1961ರ ಆಗಸ್ಟಿನಲ್ಲಿ. ಅಂದರೆ ನಾಲ್ಕು ವರ್ಷಕ್ಕೂ ಮೇಲೆ ಅಲ್ಲಿ ತೆಗೆದದ್ದು ಬರೀ ಮಣ್ಣು. ತೆರೆದ ಗಣಿಯ ಕಸುಬೇ ಹಾಗೆ. ಹೆಸರು ಇದ್ದಲಿನದು, ದುಡಿಮೆಯೆಲ್ಲ ಮಣ್ಣಿನದು. ನೈವೇಲಿಯಲ್ಲಿ ಒಂದು ಟನ್ ಲಿಗ್ನೈಟ್ ಕೈಗೆ ಬರಬೇಕಾದರೆ ಐದು ಘನ ಮೀಟರಿಗೂ ಹೆಚ್ಚು ಮಣ್ಣು, ಮರಳುಗಲ್ಲು ಎತ್ತಬೇಕು. ತೂಕದಲ್ಲಿ ಹೇಳುವುದಾದರೆ ಹತ್ತು ಟನ್ ಆಸುಪಾಸು.

ಇಷ್ಟನ್ನು ಎತ್ತಲು ಜರ್ಮನಿಯಿಂದ ಬಕೆಟ್ ವೀಲ್ ಎಕ್ಸ್‌ಕವೇಟರುಗಳು ಬಂದವು. ಉದ್ದ ತೋಳಿನ ತುದಿಗೆ ಒಂದು ದೈತ್ಯ ಚಕ್ರ, ಅದರ ಅಂಚಿಗೆ ಸಾಲಾಗಿ ಬಕೆಟ್‌ಗಳು. ಚಕ್ರ ತಿರುಗಿದ ಹಾಗೆ ಬಕೆಟ್‌ಗಳು ಮಣ್ಣನ್ನು ಕೆರೆದು ಕನ್ವೇಯರ್ ಬೆಲ್ಟಿಗೆ ಸುರಿಯುತ್ತವೆ. ಇಲ್ಲಿನ ದೊಡ್ಡ ಯಂತ್ರದ ಒಂದೊಂದು ಬಕೆಟ್ಟಿಗೆ 1400 ಲೀಟರ್ ಹಿಡಿಯುತ್ತದೆ. ಜರ್ಮನಿಯ ಲಿಗ್ನೈಟ್ ಗಣಿಗಳಲ್ಲಿ ಮಣ್ಣು ಮೆದು, ಅಲ್ಲಿ ಈ ಯಂತ್ರಗಳು ಸಲೀಸಾಗಿ ಓಡುತ್ತಿದ್ದವು. ಕಡಲೂರಿನ ಮರಳುಗಲ್ಲು ಗಟ್ಟಿ, ಉಜ್ಜುಕಾಗದದಷ್ಟು ಒರಟು. ಬಕೆಟ್‌ಗಳ ಹಲ್ಲು ಬೇಗಬೇಗ ಸವೆದುಹೋದವು. ಕೊನೆಗೆ ಮೊದಲು ಕುಳಿ ಕೊರೆದು, ಸಿಡಿಮದ್ದಿಟ್ಟು ಕಲ್ಲನ್ನು ಸಡಿಲಿಸಿ, ಆಮೇಲೆ ಚಕ್ರ ಹಾಯಿಸುವ ರೂಢಿ ಬಂತು. ಬೇರೆ ನೆಲಕ್ಕೆಂದು ಮಾಡಿದ ಯಂತ್ರವನ್ನು ನಮ್ಮ ನೆಲಕ್ಕೆ ಒಗ್ಗಿಸಿದ ಈ ಕೆಲಸಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ ಎಂದೇ ನನ್ನ ಎಣಿಕೆ.

ಗಣಿ ನಿಂತಲ್ಲೇ ನಿಲ್ಲುವುದಿಲ್ಲ, ನಡೆಯುತ್ತದೆ. ಮುಂದಿನ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಗೆತ. ತೆಗೆದ ಮಣ್ಣು ಬೆಲ್ಟಿನ ಮೇಲೆ ಸುತ್ತಿ ಬಂದು, ಇದ್ದಲು ಖಾಲಿಯಾದ ಹಿಂದಿನ ಹೊಂಡಕ್ಕೆ ಸ್ಪ್ರೆಡರ್ ಯಂತ್ರದಿಂದ ಬೀಳುತ್ತದೆ. ಮುಂದೆ ಹೊಲ ಕರಗುತ್ತದೆ, ಹಿಂದೆ ದಿಬ್ಬ ಏಳುತ್ತದೆ. ಆ ದಿಬ್ಬದ ಮೇಲೆ ಗಿಡ ನೆಟ್ಟಿದ್ದಾರೆ, ಬೆಳೆಯನ್ನೂ ತೆಗೆದಿದ್ದಾರೆ. ಆದರೆ ತಲತಲಾಂತರದಿಂದ ಹದಗೊಂಡ ಹೊಲಕ್ಕೂ ನೂರು ಮೀಟರ್ ಆಳದಿಂದ ಮಗುಚಿದ ಮಣ್ಣಿಗೂ ಸಾಟಿಯಿಲ್ಲ.

ಇನ್ನು ನೀರಿನ ಮಾತು. ಲಿಗ್ನೈಟ್ ಪದರದ ಕೆಳಗೆ ನೀರು ತುಂಬಿದ ಮರಳಿನ ಪದರವಿದೆ. ಮಳೆನೀರು ದೂರದ ಎತ್ತರದ ನೆಲದಲ್ಲಿ ಇಂಗಿ, ಇಳಿಜಾರಿನ ಪದರದೊಳಗೆ ಹರಿದು ಬಂದು ಇಲ್ಲಿ ಜೇಡಿಯ ಅಡಿಯಲ್ಲಿ ಸೆರೆಯಾಗಿದೆ. ಎತ್ತರದಿಂದ ಬಂದ ನೀರು, ಹಾಗಾಗಿ ಒತ್ತಡದಲ್ಲಿದೆ. ರಂಧ್ರ ಕೊರೆದರೆ ಸಾಕು, ಮೇಲೇರುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತುತ್ತದೆ. ನೂರು ಮೀಟರಿನಷ್ಟು ಆಳದಲ್ಲಿ ಆ ಒತ್ತಡ ಎಷ್ಟೆಂದು ಓದುಗರೇ ಗುಣಿಸಿಕೊಳ್ಳಬಹುದು. ಇಷ್ಟು ದಿನ ಅದನ್ನು ಅದುಮಿ ಹಿಡಿದಿದ್ದದ್ದು ಮೇಲಿನ ಮಣ್ಣಿನ ಭಾರ. ಅನ್ನ ಕುದಿಯುವ ಪಾತ್ರೆಯ ಮುಚ್ಚಳದಿಂದ ಗುಂಡುಕಲ್ಲು ತೆಗೆದ ಹಾಗೆ, ಆ ಮಣ್ಣನ್ನು ಅಗೆದು ತೆಗೆದರೆ ಗಣಿಯ ತಳವೇ ಉಬ್ಬಿ ಒಡೆದು, ಯಂತ್ರಗಳೂ ಜನರೂ ಮುಳುಗಬೇಕಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳ, ಆದರೆ ಬಿಡುವಿಲ್ಲದ್ದು. ಅಗೆಯುವ ಜಾಗದ ಸುತ್ತ ಆಳವಾದ ಕೊಳವೆಬಾವಿಗಳನ್ನು ಕೊರೆದು ಹಗಲೂ ರಾತ್ರಿ ನೀರೆತ್ತುತ್ತಾರೆ. ಪದರವನ್ನು ಬರಿದು ಮಾಡುವುದು ಇದರ ಗುರಿಯಲ್ಲ. ಒತ್ತಡವನ್ನು ಗಣಿಯ ತಳ ತಾಳುವ ಮಟ್ಟಕ್ಕೆ ಇಳಿಸಿದರೆ ಸಾಕು. ಗಣಿ ಮುಂದೆ ಸರಿದಂತೆ ಬಾವಿಗಳೂ ಅದರ ಜೊತೆ ಸರಿಯಬೇಕು. ಪಂಪು ನಿಂತರೆ ಒತ್ತಡ ಮತ್ತೆ ಏರತೊಡಗುತ್ತದೆ. ಹೀಗೆ ಎತ್ತುವ ನೀರಿನ ತೂಕ ಅಗೆಯುವ ಲಿಗ್ನೈಟಿಗಿಂತ ಹೆಚ್ಚು. ಈ ನೀರು ವ್ಯರ್ಥವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಥಾವರಗಳನ್ನು ತಣಿಸಲು, ಟೌನ್‌ಶಿಪ್ಪಿನ ಮನೆಗಳಿಗೆ, ಸುತ್ತಲ ಹೊಲಗಳಿಗೆ ಅದು ಹೋಗುತ್ತದೆ. ಚೆನ್ನೈ ಬಾಯಾರಿದಾಗ ಅಲ್ಲಿಗೂ ಹೋಗಿದೆ.

ಆದರೆ ನೆಲದಡಿಯ ಒತ್ತಡಕ್ಕೆ ಗಣಿಯ ಬೇಲಿ ಗೊತ್ತಿಲ್ಲ. ಒಂದು ಕಡೆ ಎಳೆದರೆ ಆ ಇಳಿತ ಕಿಲೋಮೀಟರುಗಟ್ಟಲೆ ಹಬ್ಬುತ್ತದೆ. ಒಂದು ಕಾಲಕ್ಕೆ ಪಂಪೇ ಇಲ್ಲದೆ ಬಾವಿಗಳು ತಾವಾಗಿ ಉಕ್ಕುತ್ತಿದ್ದ ಸೀಮೆಯಿದು. ಈಗ ಬಾವಿ ಆಳಕ್ಕಿಳಿಯುತ್ತಲೇ ಇದೆ ಎಂಬುದು ರೈತರ ದೂರು. ಕೃಷಿಗಾಗಿ ಹೆಚ್ಚಿದ ಕೊಳವೆಬಾವಿಗಳ ಪಾಲೂ ಇದರಲ್ಲಿದೆ; ಎಲ್ಲವನ್ನೂ ಗಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಭೂಮಿಯ ವಿಷಯದಲ್ಲಿ ಮಾತ್ರ ಹಾಗೆ ಪಾಲು ಹಂಚುವಂತಿಲ್ಲ. 2023ರ ಜುಲೈನಲ್ಲಿ ವಳೈಯಮಾದೇವಿ ಎಂಬ ಊರಿನ ಬಳಿ ಕಾಲುವೆ ತೋಡಲು ಬೆಳೆದು ನಿಂತ ಭತ್ತದ ಮೇಲೆ ಯಂತ್ರ ಹಾಯಿಸಿದ್ದು ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ವಶಪಡಿಸಿಕೊಂಡ ಜಮೀನೇ ಇರಬಹುದು, ಕೊಯ್ಲಿನವರೆಗೆ ಕಾಯಬಹುದಿತ್ತು.

1962ರಲ್ಲಿ ಸೋವಿಯತ್ ನೆರವಿನಿಂದ ಶುರುವಾದ ಮೊದಲ ವಿದ್ಯುತ್ ಸ್ಥಾವರ 2020ರಲ್ಲಿ ಬಾಗಿಲು ಹಾಕಿತು. ಅದರ ಜಾಗಕ್ಕೆ 1000 ಮೆಗಾವಾಟಿನ ಹೊಸದು ಬಂದಿದೆ, ಅಂದರೆ ಅಗೆತ ಇನ್ನೂ ಹಲವು ವರ್ಷ ನಡೆಯಲಿದೆ. ನೈವೇಲಿಯ ಕರೆಂಟು ಅಗ್ಗ ಎನ್ನುವ ಲೆಕ್ಕ ಇದ್ದಲು, ಯಂತ್ರ, ಸಂಬಳ ಮತ್ತು ಪಂಪಿನ ಖರ್ಚನ್ನು ಕೂಡಿಸಿ ಮಾಡಿದ್ದು. ಸುತ್ತಲ ಹಳ್ಳಿಯ ರೈತ ತನ್ನ ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸುವ ಖರ್ಚು ಅದರಲ್ಲಿಲ್ಲ. ಆ ಕರೆಂಟನ್ನು ಪಡೆಯುವ ರಾಜ್ಯಗಳು, ಕರ್ನಾಟಕವೂ ಸೇರಿ, ಯೂನಿಟ್ಟಿನ ದರದಲ್ಲಿ ಅದನ್ನೂ ಸೇರಿಸಿ ಎಂದು ಕೇಳಬೇಕು.