ಮಾಗಿಯ ಗಾಳಕ್ಕೆ ನಡುಹಗಲೇ ಲೇಸು

ಮಾಗಿ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣದ ಕೆರೆ ಏರಿಗಳ ಮೇಲೆ ಒಂದು ಮಾತು ಹುಟ್ಟಿಕೊಳ್ಳುತ್ತದೆ: ಚಳಿಗೆ ಮೀನು ಕಚ್ಚೋದಿಲ್ಲ, ಗಾಳ ಹಾಕಿ ಫಲವಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಮೀನಿಗೆ ಸ್ವಂತ ಮೈಕಾವಿಲ್ಲ. ನೀರಿನ ಕಾವೇ ಅದರ ಕಾವು. ನೀರು 10 ಡಿಗ್ರಿ ತಣಿದರೆ ಮೀನಿನ ಜೀರ್ಣಶಕ್ತಿಯೂ ಚುರುಕೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತವೆ. ಆದರೆ ನಮ್ಮ ಕೆರೆಗಳು ಅಷ್ಟು ತಣಿಯುವುದಾದರೂ ಎಲ್ಲಿ? ಜನವರಿಯ ಮುಂಜಾನೆ ಗಾಳಿ 15–16 ಡಿಗ್ರಿಗೆ ಇಳಿದರೂ ನಿಧಾನಕ್ಕೆ ತಣಿಯುವ ನೀರು ಅದಕ್ಕಿಂತ ಬೆಚ್ಚಗೇ ಇರುತ್ತದೆ. ಆಫ್ರಿಕಾ ಮೂಲದ ಜಿಲೇಬಿ ಮೀನು ಈ ಚಳಿಗೂ ಮಂಕಾಗುತ್ತದೆ, ನಿಜ. ಅದನ್ನೇ ನೆಚ್ಚಿದವರ ದೂರು ಸುಳ್ಳಲ್ಲ. ಗೆಂಡೆ, ಕೊರವಗಳ ಹಸಿವು ಮಾತ್ರ ಕುಗ್ಗುತ್ತದೆಯೇ ಹೊರತು ಅಡಗುವುದಿಲ್ಲ. ಬರಿಗೈಯಲ್ಲಿ ಮರಳುವುದಕ್ಕೆ ಚಳಿಗಿಂತ ನಾವು ಆರಿಸಿಕೊಳ್ಳುವ ಹೊತ್ತು, ಜಾಗಗಳೇ ದೊಡ್ಡ ಕಾರಣ.

ಅಮೆರಿಕದ ಬಾಸ್ ಮೀನು ಹಿಡಿಯುವವರು ಚಳಿಗಾಲದಲ್ಲಿ ಆಳಕ್ಕೆ ಗಾಳ ಬಿಡಿ ಎನ್ನುತ್ತಾರಲ್ಲ, ಅದನ್ನೇ ಇಲ್ಲೂ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಆ ಸಲಹೆ ಹೆಪ್ಪುಗಟ್ಟುವ ಸರೋವರಗಳದ್ದು. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಮೇಲೆ ಮಂಜುಗಡ್ಡೆ ಕಟ್ಟಿದಾಗ ತಳದಲ್ಲಿರುವುದು ಆ 4 ಡಿಗ್ರಿಯ ನೀರು, ಅಲ್ಲಿನ ಮಟ್ಟಿಗೆ ಅದೇ ಬೆಚ್ಚನೆಯದು. ನಮ್ಮಲ್ಲಿ ಲೆಕ್ಕ ತಿರುವುಮುರುವು. ರಾತ್ರಿ ತಣಿದ ನೀರು ಭಾರವಾಗಿ ತಳ ಸೇರುತ್ತದೆ. ಬಿಸಿಲೇರಿದಂತೆ ಮೊದಲು ಕಾಯುವುದು ದಡದ ಆಳವಿಲ್ಲದ ನೀರು. ಹಾಗಾಗಿ ಲಕ್ಷ್ಮಣತೀರ್ಥದ ಬಯಲಿನ ಕಟ್ಟೆಗಳಲ್ಲಿ ಹನ್ನೊಂದು ಗಂಟೆಯಿಂದ ಮೂರರವರೆಗೆ, ಬಿಸಿಲು ಬೀಳುವ ಜೊಂಡಿನ ಅಂಚೇ ನೆಚ್ಚಿನ ತಾಣ. ಬಾಸ್‌ನಂತೆಯೇ ಹೊಂಚಿ ಹಿಡಿಯುವ ಕೊರವಕ್ಕೆ ಮೇಲಿನ ಗಾಳಿಯೂ ಬೇಕು, ಆಗಾಗ ಮೇಲೆ ಬಂದೇ ಬರುತ್ತದೆ. ಅರೆಹಸಿವಿನ ಮೀನಿಗೆ ದೊಡ್ಡ ರಾಗಿ ಹಿಟ್ಟಿನ ಉಂಡೆ ಬೇಡ, ಚಿಕ್ಕ ಎರೆಹುಳು ಸಾಕು. ಮಳೆಯ ಕೆಸರು ಇಳಿದು ನೀರು ತಿಳಿಯಾಗಿರುವುದರಿಂದ ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ಬೇಸಿಗೆಯಲ್ಲಿ ಅಷ್ಟು ಸಿಗುವುದೇಕೆ? ಈ ಪ್ರಶ್ನೆ ಗಟ್ಟಿಯಾದದ್ದು. ಉತ್ತರ ಕಾವಿನಲ್ಲಷ್ಟೇ ಇಲ್ಲ, ನೀರಿನ ಹರವಿನಲ್ಲೂ ಇದೆ. ಮುಂಗಾರು ಚೆನ್ನಾಗಿ ಆದ ವರ್ಷ ಎಚ್.ಡಿ. ಕೋಟೆಯ ಕಬಿನಿ, ತಾರಕ, ಕೆ.ಆರ್. ನಗರದತ್ತ ಚಾಚಿದ ಕನ್ನಂಬಾಡಿಯ ಹಿನ್ನೀರು ಮಾಗಿಯಲ್ಲಿ ಅಗಲವಾಗಿ ಹರಡಿರುತ್ತವೆ, ಮೀನೂ ಚೆದುರಿರುತ್ತದೆ. ಏಪ್ರಿಲ್ ಹೊತ್ತಿಗೆ ನೀರು ಕುಗ್ಗಿ, ಅಷ್ಟೇ ಮೀನು ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಸೇರುತ್ತದೆ. ತಪ್ಪನ್ನೆಲ್ಲ ಚಳಿಯ ತಲೆಗೆ ಕಟ್ಟುವುದು ಸುಲಭ, ಸರಿಯಲ್ಲ.

ಇದೇ ಕಬಿನಿಯಲ್ಲಿ, ಅಣೆಕಟ್ಟೆ ಏಳುವ ಮೊದಲು, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ, ಅಂದರೆ 54 ಕಿಲೋ ತೂಗುವ ಮಹಶೀರ್ ಹಿಡಿದಿದ್ದರು. ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ನಾಗರಹೊಳೆ, ಬಂಡೀಪುರ ಹುಲಿ ಮೀಸಲಿನೊಳಗೆ ಬರುವ ಹಿನ್ನೀರಿನಲ್ಲಿ ಗಾಳ ಹಾಕುವಂತಿಲ್ಲ. ಉಳಿದ ಕಡೆಯೂ ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನೋ ಕೆರೆ ಗುತ್ತಿಗೆದಾರರ ಒಪ್ಪಿಗೆಯನ್ನೋ ಪಡೆದೇ ಇಳಿಯಿರಿ. ಮಹಶೀರ್ ಅಪ್ಪಿತಪ್ಪಿ ಸಿಕ್ಕರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ.