ಕೊನೆ ನೋಡಿ, ಆಮೇಲೆ ಒತ್ತಿ



ಕಳೆದ ತಿಂಗಳು ಒಂದು ಶನಿವಾರ ನಾವು ಜೆರಾರ್ಡ್ ಇಂಡಿಯಾ ಬಜಾರಿಗೆ ಹೋಗಿದ್ದೆವು. 506 ನಂಬರಿನ ಸ್ಟ್ರೀಟ್‌ಕಾರ್ ಇಳಿದು, ಅಮ್ಮ ಕರಿಬೇವು, ತೊಗರಿಬೇಳೆ ಎಲ್ಲ ತಗೊಂಡ ಮೇಲೆ, ಹೋಟೆಲಿನಲ್ಲಿ ದೋಸೆಗೆ ಕಾಯುತ್ತಾ ಕೂತೆವು. ಆಗ ಅಪ್ಪನ ಫೋನಿಗೆ ಒಂದು ಮೆಸೇಜ್ ಬಂತು. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಇಂದು ರಾತ್ರಿಯೊಳಗೆ ಸರಿಪಡಿಸದಿದ್ದರೆ ಖಾತೆ ಸ್ಥಗಿತವಾಗುತ್ತದೆ.’ ಕೆಳಗೆ ಒಂದು ಲಿಂಕ್.

ಅದು ಊರಿನ ಬ್ಯಾಂಕಿನ ಖಾತೆ. ಮೈಸೂರಿನಲ್ಲಿರುವ ನಮ್ಮಜ್ಜಿಯ ಮಂಡಿ ಆಪರೇಷನ್‌ಗೆ ಅಪ್ಪ ಕೂಡಿಟ್ಟ ದುಡ್ಡು ಅದರಲ್ಲೇ ಇದೆ. ಅಪ್ಪ ಗಾಬರಿಯಿಂದ ಲಿಂಕ್ ಒತ್ತಿದರು. ಬ್ಯಾಂಕಿನ ಬಣ್ಣ, ಬ್ಯಾಂಕಿನ ಗುರುತು ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅರ್ಧ ಪಾಸ್‌ವರ್ಡ್ ಟೈಪ್ ಮಾಡಿಯೂ ಆಗಿತ್ತು.

“ಅಪ್ಪಾ, ಒಂದ್ನಿಮಿಷ ತಡೀರಿ” ಅಂದೆ ನಾನು. ವಿಳಾಸದಲ್ಲಿ ಬ್ಯಾಂಕಿನ ಹೆಸರು ಇತ್ತು, ನಿಜ. ಆದರೆ ಮೊದಲಲ್ಲಿತ್ತು. ಕೊನೆಯಲ್ಲಿ ಇನ್ಯಾವುದೋ ಹೆಸರು. ಅಪ್ಪ ಫೋನ್ ಕೆಳಗಿಟ್ಟರು. ದೋಸೆ ಬಂದರೂ ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲ.

ನಾನು ಜಾಣೆ ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅದೇ ವಾರ ಶಾಲೆಯ ಕಂಪ್ಯೂಟರ್ ಪಾಠಕ್ಕೆ ‘ಡಾಟ್ ಇಂಟ್’ ಬಗ್ಗೆ ಒಂದು ಪ್ರಾಜೆಕ್ಟ್ ಮಾಡುತ್ತಿದ್ದೆ. ಹಾಗಾಗಿ ಕಣ್ಣು ಅಲ್ಲಿಗೆ ಹೋಯಿತು, ಅಷ್ಟೇ. ಆ ಪ್ರಾಜೆಕ್ಟಿನಲ್ಲಿ ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಹೇಳುತ್ತಿದ್ದೇನೆ.

ಊರಿಗೆ ಹೋದಾಗ ನೋಡಿರುತ್ತೀರಿ, ಬೀದಿಗೊಂದು ‘ಉಡುಪಿ ಹೋಟೆಲ್’. ಮಾಲೀಕರು ಉಡುಪಿಯವರೇ ಆಗಬೇಕೆಂದೇನೂ ಇಲ್ಲ. ಬೋರ್ಡ್ ಬರೆಸಿದರಾಯಿತು. ಡಾಟ್ ಕಾಮ್, ಡಾಟ್ ಆರ್ಗ್ ಕೂಡ ಹಾಗೆಯೇ. ಹೆಸರು ಖಾಲಿ ಇದ್ದರೆ ದುಡ್ಡು ಕೊಟ್ಟವರಿಗೆ ಸಿಗುತ್ತದೆ. ಆ ಹೆಸರಿಗೆ ನೀವು ಅರ್ಹರೇ ಅಂತ ಯಾರೂ ಪರೀಕ್ಷಿಸುವುದಿಲ್ಲ.

ಆದರೆ ಕೆಲವು ಕೊನೆಗಳಿಗೆ ಬಾಗಿಲಲ್ಲಿ ಕಾವಲು ಇದೆ. ಅವುಗಳಲ್ಲಿ ಒಂದು 1988ರಲ್ಲಿ ಶುರುವಾದ ಡಾಟ್ ಇಂಟ್. ‘ಇಂಟರ್‌ನ್ಯಾಷನಲ್’ ಎಂಬುದರ ಮೊದಲ ಮೂರು ಅಕ್ಷರ. ದೇಶದೇಶಗಳ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ಅದು ಸಿಗುತ್ತದೆ. ಇಂಟರ್ನೆಟ್ ವಿಳಾಸಗಳ ಲೆಕ್ಕ ಇಡುವ ಐಯಾನಾ ಎಂಬ ಸಂಸ್ಥೆ ಆ ಒಪ್ಪಂದವನ್ನು ನೋಡಿಯೇ ಹೆಸರು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವಿಳಾಸ ‘ಹೂ ಡಾಟ್ ಇಂಟ್’. (ಮಲ್ಲಿಗೆ ಹೂವಲ್ಲ!) ನಮ್ಮ ಕೆನಡಾದ ಮಾಂಟ್ರಿಯಲ್‌ನಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದೂ ಡಾಟ್ ಇಂಟ್.

ಕಚೇರಿ ಕೆನಡಾದಲ್ಲಿದ್ದರೆ ಡಾಟ್ ಸಿಎ ಸಾಕಲ್ಲ ಅಂತ ನನಗೂ ಅನಿಸಿತ್ತು. ಆದರೆ ಎಲ್ಲ ದೇಶಗಳಿಗೂ ಸೇರಿದ ಸಂಸ್ಥೆ ಒಂದೇ ದೇಶದ ಹೆಸರಿನಡಿ ಇರುವುದು ಸರಿ ಕಾಣುವುದಿಲ್ಲ. ಇನ್ನೊಂದು ಕಾರಣ ನಂಬಿಕೆ. 2020ರಲ್ಲಿ ಕೊರೊನಾ ಬಂದಾಗ ವಂಚಕರು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಇಮೇಲ್ ಕಳಿಸತೊಡಗಿದರು. ಆಗ ಸಂಸ್ಥೆ ಜನರಿಗೆ ಹೇಳಿದ್ದು ಸುಲಭದ ಮಾತು: ನಮ್ಮ ವಿಳಾಸ ಹೂ ಡಾಟ್ ಇಂಟ್ ಮಾತ್ರ, ಹೂ ಡಾಟ್ ಕಾಮ್, ಹೂ ಡಾಟ್ ಆರ್ಗ್ ನಮ್ಮದಲ್ಲ. ಕಾವಲಿರುವ ಕೊನೆ ಇದ್ದದ್ದರಿಂದಲೇ ಅಷ್ಟು ಚಿಕ್ಕದಾಗಿ ಹೇಳಲು ಸಾಧ್ಯವಾಯಿತು.

ಇದೇ ಯೋಚನೆ ಈಗ ನಮ್ಮೂರಿನ ಬ್ಯಾಂಕುಗಳಿಗೂ ಬಂದಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ಘೋಷಿಸಿತು. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕು ಎಂದು ಹೇಳಿತು. ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಒಂದೇ ಸಂಸ್ಥೆ ಅದನ್ನು ಕೊಡುತ್ತದೆ, ಅದೂ ಬ್ಯಾಂಕುಗಳಿಗೆ ಮಾತ್ರ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ವಿಳಾಸವೂ ಈಗ ಹಾಗೆಯೇ ಮುಗಿಯುತ್ತದೆ.

ಹಾಗಾದರೆ ‘ಕೊನೆ’ ಅಂದರೆ ಯಾವುದು? ಕುವೆಂಪು ಅವರ ಪೂರ್ತಿ ಹೆಸರು ನೆನಪಿಸಿಕೊಳ್ಳಿ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಅವರು. ವೆಬ್ ವಿಳಾಸವೂ ಹಾಗೆಯೇ, ಯಾರದೆಂದು ತಿಳಿಯಲು ಕೊನೆಗೆ ಹೋಗಬೇಕು. ಆರಂಭದಲ್ಲಿ ಜೋಡಿ ಓರೆಗೆರೆ ಇದ್ದರೆ ಅದನ್ನು ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಮುಂದುಗಡೆ ಯಾರ ಹೆಸರನ್ನಾದರೂ ಅಂಟಿಸಬಹುದು. ಅಪ್ಪನಿಗೆ ಮೋಸ ಮಾಡಲು ಹೊರಟವರು ಮಾಡಿದ್ದೂ ಅದನ್ನೇ.

ಒಂದೆರಡು ಎಚ್ಚರಿಕೆ. ವಿಶ್ವಸಂಸ್ಥೆ, ಯೂನಿಸೆಫ್ ಈಗಲೂ ಡಾಟ್ ಆರ್ಗ್ ಬಳಸುತ್ತವೆ. ಆದ್ದರಿಂದ ಡಾಟ್ ಇಂಟ್ ಇಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ಅಲ್ಲ. ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಕಳ್ಳರ ಸೈಟಿಗೂ ಬೀಗ ಇರುತ್ತದೆ. ನಮ್ಮ ಡಾಟ್ ಸಿಎ ಪಡೆಯಲು ಕೆನಡಾದ ಜೊತೆ ಸಂಬಂಧ ಇರಬೇಕು ನಿಜ, ಆದರೆ ಡಾಟ್ ಸಿಎ ಎಂದರೆ ಸರ್ಕಾರ ಎಂದಲ್ಲ. ಇಮೇಲ್ ಕಳಿಸಿದವರ ಹೆಸರನ್ನೂ ಕೆಲವೊಮ್ಮೆ ನಕಲಿ ಮಾಡಬಹುದು. ಅನುಮಾನ ಬಂದರೆ ಲಿಂಕ್ ಬಿಟ್ಟು, ವಿಳಾಸವನ್ನು ನೀವೇ ಟೈಪ್ ಮಾಡಿ.

ಆ ರಾತ್ರಿ ಅಪ್ಪ ಪಾಸ್‌ವರ್ಡ್ ಬದಲಾಯಿಸಿದರು. ದುಡ್ಡು ಹಾಗೆಯೇ ಇತ್ತು. ಮರುದಿನ ಅಜ್ಜಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, “ಅಂದ್ರೆ ಬಾಲ ನೋಡ್ಬೇಕು ಅನ್ನು ಪುಟ್ಟಿ” ಅಂದರು. ನಾನು ಇಷ್ಟುದ್ದ ಬರೆದದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು.

ಈ ಭಾನುವಾರ ನೀವೂ ಊರಿಗೆ ಫೋನ್ ಮಾಡುತ್ತೀರಲ್ಲ? ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ, ಬ್ಯಾಂಕಿನ ವಿಳಾಸದ ಬಾಲದ ಬಗ್ಗೆಯೂ ಅಜ್ಜಿ ತಾತನಿಗೆ ಒಂದು ಮಾತು ಹೇಳಿ.