ವಿದ್ಯಾರ್ಥಿಗಳ ದಾಖಲೆ ಇಡಲು ನಮ್ಮದೇ ಫೈಲ್ ಸರ್ವರ್: ಲಿನಕ್ಸ್‌ನಲ್ಲಿ ಮಾಡುವ ವಿಧಾನ

ವಿದ್ಯಾರ್ಥಿವೇತನದ ಅರ್ಜಿ ಶುರುವಾದರೆ ಸಮಾಜದ ಕಾರ್ಯಕರ್ತರ ಮೊಬೈಲ್ ತುಂಬಿಹೋಗುತ್ತದೆ. ಆಧಾರ್, ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವೂ ವಾಟ್ಸಾಪ್‌ನಲ್ಲೇ ಬರುತ್ತವೆ. ಬರುವ ದಾರಿಯಲ್ಲಿ ಯಾರೂ ಓದಲಾರರು, ಅದು ಸರಿ. ಆದರೆ ಬಂದ ಮೇಲೆ ಅವು ಮದುವೆ ಫೋಟೊಗಳ ಮಧ್ಯೆ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮೊಬೈಲ್ ರಿಪೇರಿಗೆ ಹೋದರೂ ಅವು ಜೊತೆಗೇ ಹೋಗುತ್ತವೆ. ನಮ್ಮನ್ನು ನಂಬಿ ಕೊಟ್ಟ ಮನೆಯವರ ಕಾಗದ ಅದು.

ಇದಕ್ಕೆ ಹೊಸ ಸಾಮಾನು ಕೊಳ್ಳಬೇಕಿಲ್ಲ. ಕಚೇರಿಯ ಮೂಲೆಯಲ್ಲಿರುವ, 4 ಜಿಬಿ ರ‍್ಯಾಮ್ ಇರುವ ಹಳೆ ಕಂಪ್ಯೂಟರ್ ಸಾಕು. ಅದಕ್ಕೆ ಉಬುಂಟು ಸರ್ವರ್ ಹಾಕಿಸಿ. ಇದು ಲಿನಕ್ಸ್‌ನ ಒಂದು ಬಗೆ, ಹಣ ಕೊಡಬೇಕಿಲ್ಲ.

ಫೈಲ್ ಸರ್ವರ್ ಎಂದಕೂಡಲೇ ಕಂಪ್ಯೂಟರ್ ತಿಳಿದವರು ಎಫ್‌ಟಿಪಿ ಎನ್ನುತ್ತಾರೆ. ಇದರ ಮೊದಲ ನಿಯಮಾವಳಿಯನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್ ಎಂಬುದು ನಮಗೆ ಹೆಮ್ಮೆಯ ವಿಷಯವೇ. ಆದರೆ ಆಗ ಜಾಲದಲ್ಲಿದ್ದವು ಬೆರಳೆಣಿಕೆಯ ಕಂಪ್ಯೂಟರುಗಳು. ಎಫ್‌ಟಿಪಿಯಲ್ಲಿ ಹೆಸರು, ಪಾಸ್‌ವರ್ಡ್, ಫೈಲ್ ಮೂರೂ ಅಂಚೆ ಕಾರ್ಡಿನಂತೆ ತೆರೆದೇ ಹೋಗುತ್ತವೆ. ಅದೇ ವೈಫೈಯಲ್ಲಿ ಕುಳಿತ ತಿಳಿವಳಿಕಸ್ಥ ಓದಿಕೊಳ್ಳಬಹುದು. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿ ಇದನ್ನು ಕೈಬಿಟ್ಟವು. ಆಧಾರ್ ಪ್ರತಿಗಳಿಗೆ ಇದು ಬೇಡ.

ಬೇಕಾದದ್ದು ಎಸ್‌ಎಫ್‌ಟಿಪಿ. ಹೆಸರಲ್ಲಿ ಹೋಲಿಕೆ, ಜಾತಿ ಬೇರೆ. ಇದು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ವ್ಯವಸ್ಥೆಯೊಳಗೆ ನಡೆಯುತ್ತದೆ. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ಎಂಬವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದ ನಂತರ, ಎಸ್‌ಎಸ್‌ಎಚ್ ಮಾಡಿದರು.

ಈಗ ಕೆಲಸ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಮೊದಲು ‘ಸುಡೊ ಆಪ್ಟ್ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್’. ನಂತರ ‘ಗ್ರೂಪ್‌ಆಡ್’ನಿಂದ ಕಾರ್ಯಕರ್ತರ ಒಂದು ಗುಂಪು, ‘ಆಡ್‌ಯೂಸರ್’ನಿಂದ ಪ್ರತಿಯೊಬ್ಬರಿಗೂ ಬೇರೆ ಹೆಸರು ಮಾಡಿ, ‘ಯೂಸರ್‌ಮಾಡ್’ನಿಂದ ಅವರನ್ನು ಗುಂಪಿಗೆ ಸೇರಿಸಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವುದು ಗಲ್ಲಾ ಪೆಟ್ಟಿಗೆಯ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ.

ಆಮೇಲೆ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಎಂಬ ಫೈಲಿನ ಕೊನೆಗೆ ನಾಲ್ಕು ಸಾಲು ಸೇರಿಸಬೇಕು. ‘ಮ್ಯಾಚ್ ಗ್ರೂಪ್’ ಎಂದು ಬರೆದು ಗುಂಪಿನ ಹೆಸರು, ಅದರ ಕೆಳಗೆ ‘ಕ್ರೂಟ್‌ಡೈರೆಕ್ಟರಿ’ ಮತ್ತು ಫೋಲ್ಡರಿನ ವಿಳಾಸ, ‘ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ’, ‘ಅಲೌಟಿಸಿಪಿಫಾರ್ವರ್ಡಿಂಗ್ ನೋ’. ಈ ಹೆಸರುಗಳ ಸರಿಯಾದ ಇಂಗ್ಲಿಷ್ ಕಾಗುಣಿತವನ್ನು ‘ಮ್ಯಾನ್ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಆಜ್ಞೆ ಕೊಟ್ಟು ನೋಡಿಕೊಳ್ಳಿ. ವಿಳಾಸದ ಕೊನೆಯಲ್ಲಿ ಶೇಕಡಾ ಚಿಹ್ನೆ ಮತ್ತು ‘ಯು’ ಅಕ್ಷರ ಹಾಕಿದರೆ ಒಬ್ಬೊಬ್ಬರೂ ತಮ್ಮ ಹೆಸರಿನ ಫೋಲ್ಡರಿಗೆ ಮಾತ್ರ ಹೋಗುತ್ತಾರೆ. ಒಬ್ಬರು ತಂದ ಅರ್ಜಿ ಇನ್ನೊಬ್ಬರಿಗೆ ಕಾಣದು.

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದೆ ಸಂಪರ್ಕ ಕಡಿದುಹೋಗುತ್ತದೆ. ಕಾರಣ ಫೋಲ್ಡರಿನ ಮಾಲೀಕತ್ವ. ಕ್ರೂಟ್ ಫೋಲ್ಡರ್ ಹಾಗೂ ಅದರ ಮೇಲಿನ ಎಲ್ಲ ಫೋಲ್ಡರುಗಳೂ ‘ರೂಟ್’ ಹೆಸರಿನಲ್ಲೇ ಇರಬೇಕು, ಬೇರೆಯವರಿಗೆ ಅಲ್ಲಿ ಬರೆಯುವ ಅಧಿಕಾರ ಇರಬಾರದು. ಅದರೊಳಗೆ ‘ಅರ್ಜಿ’ ಎಂಬಂಥ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ‘ಚೌನ್’ ಆಜ್ಞೆಯಿಂದ ಕಾರ್ಯಕರ್ತರ ಹೆಸರಿಗೆ ಬರೆದುಕೊಡಿ. ಗೋದಾಮು ಯಜಮಾನರದು, ಒಳಗಿನ ಕಪಾಟು ಗುಮಾಸ್ತರದು ಎಂದುಕೊಳ್ಳಿ.

ಕೊನೆಗೆ ‘ಸುಡೊ ಎಸ್‌ಎಸ್‌ಎಚ್‌ಡಿ -ಟಿ’ ಕೊಡಿ. ಏನೂ ಹೇಳದೆ ಸುಮ್ಮನಿದ್ದರೆ ಬರೆದದ್ದು ಸರಿ ಎಂದರ್ಥ. ಆಗ ಎಸ್‌ಎಸ್‌ಎಚ್ ಸೇವೆಯನ್ನು ಮರುಪ್ರಾರಂಭಿಸಿ. ವಿಂಡೋಸ್ ಇರುವವರು ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿ ಹಾಕಿಕೊಂಡು, ಎಸ್‌ಎಫ್‌ಟಿಪಿ ಆರಿಸಿ, 22ನೇ ಪೋರ್ಟಿನಲ್ಲಿ ಸೇರಬಹುದು.

ಇದು ಕಚೇರಿಯ ಜಾಲದೊಳಗೇ ಇರಲಿ ಎಂಬುದು ನನ್ನ ಅಭಿಪ್ರಾಯ. ಕಾರ್ಯಕರ್ತರು ವಾರಕ್ಕೊಮ್ಮೆ ಕಚೇರಿಗೆ ಬಂದೇ ಬರುತ್ತಾರಲ್ಲ, ಆಗ ಕಾಗದ ಹಾಕಿ ಮೊಬೈಲಿನಿಂದ ಅಳಿಸಿಕೊಂಡು ಹೋಗಲಿ. ಇಂಟರ್ನೆಟ್ಟಿಗೆ ತೆರೆದರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲುರಾತ್ರಿ ಬಾಗಿಲು ತಟ್ಟುತ್ತವೆ. ತೆರೆಯಲೇಬೇಕೆಂದರೆ ಪಾಸ್‌ವರ್ಡ್ ಪದ್ಧತಿ ನಿಲ್ಲಿಸಿ, ಎಸ್‌ಎಸ್‌ಎಚ್ ಕೀಲಿ ಇರುವವರಿಗಷ್ಟೇ ಪ್ರವೇಶ ಕೊಡಿ. ಇದನ್ನು ತಿಳಿದವರ ಕೈಯಿಂದಲೇ ಮಾಡಿಸಿ.

ಸರ್ವರಿನ ಡಿಸ್ಕ್ ಕೂಡ ಒಂದು ದಿನ ಕೆಡುತ್ತದೆ. ಬೇರೊಂದು ಡಿಸ್ಕಿಗೆ ವಾರಕ್ಕೊಮ್ಮೆ ಪ್ರತಿ ತೆಗೆದು ಬೀರುವಿನಲ್ಲಿಡಿ. ಕಾರ್ಯಕರ್ತರೊಬ್ಬರು ಜವಾಬ್ದಾರಿ ಬಿಟ್ಟರೆ ಅದೇ ದಿನ ‘ಡೆಲ್‌ಯೂಸರ್’ ಕೊಟ್ಟು ಅವರ ಹೆಸರು ತೆಗೆಯಿರಿ. ಅವರು ಹಾಕಿದ ಅರ್ಜಿಗಳು ಎಲ್ಲೂ ಹೋಗುವುದಿಲ್ಲ, ಫೋಲ್ಡರಿನಲ್ಲೇ ಇರುತ್ತವೆ.